ನೆರಿಗೆ ಹಿಡಿದ ದಾರಿ

ತಿರುವನಂತಪುರದಿಂದ ಕೊಚ್ಚಿಗೆ ಬರಬೇಕಾದರೆ ಬರಿಗೈಯವರಿಗೆ ರೈಲು ಬೇಕು, ಅರ್ಧ ದಿನ ಬೇಕು, ಕೂರಲು ಜಾಗ ಸಿಗಬೇಕಾದರೆ ಅದೃಷ್ಟವೂ ಬೇಕು. ಸುಮಿತ್ರಳಿಗೆ ಬೇಕಾದದ್ದು ಗೇಣುದ್ದದ ನೆಲ್ಲಿಯ ಕೋಲು ಮತ್ತು ಯಾರೂ ನೋಡದ ಒಂದಿಷ್ಟು ಮರೆ, ಅಷ್ಟೇ. ಸಂಜೆ ಬಾಹ್ಯಾಕಾಶ ಸಂಸ್ಥೆಯ ಗೇಟು ದಾಟಿ, ಸೈಕಲ್ ಸ್ಟ್ಯಾಂಡಿನ ಹಿಂದಿನ ಗೇರುಮರದ ಕೆಳಗೆ ನಿಂತು, ಊಟದ ಡಬ್ಬಿಯ ಪಕ್ಕದಿಂದ ಕೋಲು ಹೊರತೆಗೆಯುತ್ತಿದ್ದಳು. ಸೀರೆ ಉಡುವಾಗ ಬೆರಳ ಸಂದಿಯಲ್ಲಿ ನೆರಿಗೆ ಹಿಡಿದ ಹಾಗೆ ಊರಿಂದೂರಿಗಿರುವ ದಾರಿಯನ್ನು ಹಿಡಿಯುತ್ತಿದ್ದಳು. ಮೊದಲ ನೆರಿಗೆಗೆ ಕೊಲ್ಲಂ, ಆಮೇಲಿನದಕ್ಕೆ ಕಾಯಂಕುಳಂ, ಆಮೇಲೆ ಆಲಪ್ಪುಳ. ನೆರಿಗೆಗಳು ಒಂದರ ಮೇಲೊಂದು ಸರಿಯಾಗಿ ಕೂತವೆಂದರೆ ಒಂದೇ ಹೆಜ್ಜೆ. ಗೋಡಂಬಿ ಹುರಿಯುವ ವಾಸನೆಯೊಂದು ಮೂಗಿಗೆ ಬಡಿದು ಮಾಯವಾಗುವಷ್ಟರಲ್ಲಿ ಅವಳು ಕೊಚ್ಚಿಯ ಅಂಚಿನ ಕಳಮಶ್ಶೇರಿಯ ಫ್ಲ್ಯಾಟಿನ ಹಿಂದಿನ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತಿರುತ್ತಿದ್ದಳು.

“ಅಮ್ಮ ಎತ್ತೀ!” ಎಂದು ಮಗಳು ಮಹತಿ ಮಲಯಾಳದಲ್ಲಿ ಕೂಗಿ, ಅಮ್ಮ ಬಂದಳೆಂದು ಇಡೀ ಮಹಡಿಗೆ ಸಾರುತ್ತಿದ್ದಳು. ಆಮೇಲೆ ಹಾಲು, ಹೋಮ್‌ವರ್ಕ್, ಅನ್ನಕ್ಕಿಡುವುದು, ಎಲ್ಲ ಮನೆಗಳ ಹಾಗೆಯೇ.

ಮಾಂತ್ರಿಕರಿಗೂ ವರ್ಗಾವಣೆ ತಪ್ಪಿದ್ದಲ್ಲ. ಸುಮಿತ್ರಳದು ಮೈಸೂರಿನ ಕಡೆಯ ಕೋಲಿನವರ ಮನೆತನ. ಅವರು ವಿದ್ಯೆಯಿಲ್ಲದವರನ್ನು ಬರಿಗೈಯವರು ಎನ್ನುತ್ತಾರೆ. ಗಂಡ ಜನಾರ್ದನ ಅಪ್ಪಟ ಬರಿಗೈ, ಬ್ಯಾಂಕಿನ ನೌಕರ. ಅವನನ್ನು ಕಳಮಶ್ಶೇರಿಗೆ ಹಾಕಿದ ವರ್ಷವೇ ಇವಳನ್ನು ತಿರುವನಂತಪುರಕ್ಕೆ ಹಾಕಿದ್ದರು. ಬೇರೆ ಸಂಸಾರವಾಗಿದ್ದರೆ ವಾರಕ್ಕೊಮ್ಮೆ ಮುಖ ನೋಡುವ ಪಾಡು. ಇವರ ಮನೆ ನಡೆದದ್ದು ಆ ನೆರಿಗೆಯೊಂದರ ಮೇಲೆ.

ಮಹತಿಗೆ ಹತ್ತು ತುಂಬುವ ಭಾನುವಾರ ಕೋಲುಧಾರೆ ಎಂದು ನಿಶ್ಚಯವಾಗಿತ್ತು. ಕೋಲಿನವರ ಮನೆಯಲ್ಲಿ ಮಗುವಿಗೆ ಹತ್ತು ತುಂಬಿದ ದಿನ ತಾಯಿಯೋ ತಂದೆಯೋ ತಮ್ಮ ಒಂದು ವಿದ್ಯೆಯನ್ನು ಮಗುವಿನ ಹೊಸ ಕೋಲಿಗೆ ಧಾರೆ ಎರೆಯಬೇಕು. ಕೋಲು ಎಚ್ಚರವಾಗುವುದು ಹಾಗೆ. ಮದುವೆಯ ಧಾರೆಯಂತೆಯೇ ಇದೂ. ಎರೆದದ್ದು ಮತ್ತೆ ಎರೆದವರ ಕೈಗೆ ಬರುವುದಿಲ್ಲ.

ಮೊದಲು ಎದ್ದದ್ದು ಕೋಲಿನದೇ ತಕರಾರು. ಸುಮಿತ್ರ ಊರಿಂದ ನೆಲ್ಲಿಯ ಕೋಲು ತರಿಸಿಟ್ಟಿದ್ದಳು. ಮಹತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಎನಿಕ್ಕ್ ಕುಡ ಮದಿ,” ನನಗೆ ಕೊಡೆಯೇ ಸಾಕು, ಎಂದುಬಿಟ್ಟಳು. ಕೇರಳದ ಮಾಂತ್ರಿಕರು ಹಿಡಿಯುವುದು ಕೊಡೆ. ವರ್ಷದಲ್ಲಿ ಅರ್ಧ ಮಳೆ ಸುರಿಯುವ ಊರಿನಲ್ಲಿ ಕೋಲು ಹಿಡಿದು ನಡೆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಕೊಡೆಯಾದರೆ ಯಾರೂ ಏನೆಂದು ಕೇಳುವುದಿಲ್ಲ. ಸುಮಿತ್ರಳಿಗೆ ಒಳಗೊಳಗೇ ಚುರುಕ್ಕೆಂದರೂ, ಮಗಳನ್ನು ಕರೆದುಕೊಂಡು ಹೋಗಿ ಹಳದಿ ಕೊಡೆಯೊಂದನ್ನು ಕೊಡಿಸಿದಳು.

ಕೊಡೆಯ ಧಾರೆಗೆ ರೀತಿ ರಿವಾಜು ಕೇಳಲು ಕೆಳಗಿನ ಮನೆಯ ಕಲ್ಯಾಣಿ ಟೀಚರ ಬಳಿ ಹೋದಳು. ಟೀಚರು ಬಹಳ ವರ್ಷ ಕಾಸರಗೋಡಿನ ಶಾಲೆಯಲ್ಲಿದ್ದವರು, ಕನ್ನಡ ಚೆನ್ನಾಗಿ ಬಲ್ಲರು, ಕೊಡೆಯವರಲ್ಲಿ ಹಿರಿಯರು.

“ಯಾವ ವಿದ್ಯೆ ಕೊಡುದು ನೀವು?” ಎಂದು ಕೇಳಿದರು.

“ಹಾಲು ಆರಿಸೋದು ಕೊಡೋಣ ಅಂತ, ಟೀಚರ್. ಚಿಕ್ಕದು. ಅದಿಲ್ದೇ ಇದ್ರೂ ನಡಿಯತ್ತೆ, ಫ್ಯಾನ್ ಕೆಳಗಿಟ್ರೆ ಆಯ್ತು. ನಮ್ಮಮ್ಮ ನಂಗೆ ಒದ್ದೆ ಸೌದೆ ಹತ್ತಿಸೋದು ಕೊಟ್ಟಿದ್ರು. ಅಷ್ಟು ಹೊತ್ತಿಗೆ ಮನೇಗೆ ಗ್ಯಾಸ್ ಬಂದಿತ್ತು, ಅಮ್ಮಂಗೆ ಅದು ಬೇಕೂ ಇರ್ಲಿಲ್ಲ.”

ಟೀಚರು ಕನ್ನಡಕ ಏರಿಸಿದರು. “ಕೈ ಕೊಡಿ, ನೋಡುವ.”

ಸುಮಿತ್ರ ಬಲಗೈ ಚಾಚಿದಳು. ಟೀಚರು ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳ ಸಂದುಗಳನ್ನು ಬಿಡಿಸಿ ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಹಳೆಯ ನಾಣ್ಯದ ಅಂಚಿನಂತೆ ನುಣುಪಾದ ಒಂದು ಗೆರೆ ಹೊಳೆಯುತ್ತಿತ್ತು.

“ಇದು ಹಾಲು ಆರಿಸಿದ ಕೈ ಅಲ್ಲ ಮಾರಾಯ್ತಿ. ದಾರಿ ಹಿಡಿದ ಕೈ. ನಿಮ್ಮ ಅಮ್ಮ ಬೇಡದ್ದು ಕೊಟ್ಟದ್ದಲ್ಲ. ಎಷ್ಟು ಮಳೆಗಾಲ ಆ ಒಲೆಯ ಮುಂದೆ ಕೂತಿದ್ರೋ ಏನೋ, ಅವರ ಕೈಯಲ್ಲಿ ಎಲ್ಲಕ್ಕಿಂತ ಸವೆದ ವಿದ್ಯೆ ಅದೇ. ಅದಕ್ಕೇ ನಿಮ್ಮ ಕೋಲಿಗೆ ಹತ್ತಿದ್ದು. ಸವೆಯದ್ದು ಹತ್ತುದಿಲ್ಲ, ಕೋಲಿಗೂ ಇಲ್ಲ, ಕೊಡೆಗೂ ಇಲ್ಲ.”

“ಹತ್ತದೇ ಇದ್ರೆ?”

“ಮಳೆಗೆ ಹಿಡೀಲಿಕ್ಕೆ ಆಗ್ತದೆ,” ಎಂದು ನಕ್ಕ ಟೀಚರು, ಇವಳ ಮುಖ ನೋಡಿ ನಗು ನುಂಗಿಕೊಂಡರು. “ಧಾರೆ ಒಂದೇ ಸಲ. ಆ ದಿನ ತಪ್ಪಿದ್ರೆ ಮಗು ಬರಿಗೈಯೇ.”

ಸುಮಿತ್ರ ಮೆಟ್ಟಿಲು ಹತ್ತಿ ಮನೆಗೆ ಬಂದದ್ದು ಅವಳಿಗೇ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಜನಾರ್ದನ ಹುರುಳಿಕಾಯಿ ಸೋಸುತ್ತಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನೆರಿಗೆ ಕೊಟ್ಟರೆ ದಿನಾ ಮನೆಗೆ ಬರುವುದು ನಿಂತಿತು, ಅಲ್ಲಿ ಹಾಸ್ಟೆಲ್ಲು, ಇಲ್ಲಿ ಶನಿವಾರ ಭಾನುವಾರ. ಕೊಡದಿದ್ದರೆ ಮಗಳ ಕೈ ಬರಿದು.

“ಬರಿಗೈ ಆದ್ರೆ ಏನೀಗ? ನಾನಿಲ್ವಾ?” ಎಂದ ಜನಾರ್ದನ. “ಹಾಲು ಬಿಸಿಯಾಗಿದ್ರೆ ಊದಿಕೊಂಡು ಕುಡೀತೀನಿ.”

“ತಮಾಷೆ ಮಾಡ್ಬೇಡಿ. ಅವಳು ತಿಂಗಳಿಂದ ಆ ಕೊಡೇನ ತಲೆದಿಂಬಿನ ಪಕ್ಕ ಇಟ್ಕೊಂಡು ಮಲಗ್ತಿದಾಳೆ. ನಿಮಗೇ ಅಲ್ಲಿಗೆ ವರ್ಗ ಮಾಡಿಸ್ಕೊಳೋಕೆ ಆಗಲ್ವಾ?”

“ಕೇಳಿದ್ದಾಯ್ತಲ್ಲೇ ಎರಡು ಸಲ. ಮೂರನೇ ಸಲ ಕೇಳಿದ್ರೆ ಸಿಟ್ಟಿಗೆದ್ದು ವಲ್ಲಾರ್ಪಾಡಂ ಬಂದರಿಗೆ ಹಾಕ್ತಾರೆ. ಆಮೇಲೆ ಕಂಟೇನರ್‌ನಲ್ಲಿ ಕೂತ್ಕೊಂಡು ಬರ್ಬೇಕು ನಿನ್ನ ನೋಡೋಕೆ.” ಅವನು ಕೈಯಲ್ಲಿದ್ದ ಕಾಯಿಯ ನಾರನ್ನು ಕೊನೆಯವರೆಗೂ ಎಳೆದ. “ಸುಮಿ, ನಿಜ ಹೇಳ್ಲಾ? ಕೊಡು ಅನ್ನೋಕೂ ಬಾಯಿ ಬರಲ್ಲ, ಬೇಡ ಅನ್ನೋಕೂ ಬರಲ್ಲ. ಸಂಜೆ ಆ ಬಾಲ್ಕನೀಲಿ ನಿನ್ನ ಬಳೆ ಸದ್ದು ಕೇಳಿದ ಮೇಲೇನೇ ನಂಗೆ ದಿನ ಮುಗೀತು ಅನ್ಸೋದು.”

ಬಾಗಿಲಲ್ಲಿ ಮಹತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. “ಅಮ್ಮೇ, ಎನಿಕ್ಕ್ ಕುಡ ವೇಂಡ,” ಎಂದಳು.

“ಬೇಡ್ವಾ? ನೀನೇ ಹಟ ಹಿಡಿದು ತರಿಸಿದ್ದಲ್ವೇನೇ?”

“ಕೊಡೆ ಬೋರ್. ಎಲ್ಲರ ಹತ್ರಾನೂ ಇದೆ. ರೈನ್‌ಕೋಟ್ ಮದಿ.” ಹೇಳಿ, ಯಾರ ಮುಖವನ್ನೂ ನೋಡದೆ, ಕೊಡೆಯನ್ನು ಒಯ್ದು ಚಪ್ಪಲಿ ಗೂಡಿನ ಹಿಂದೆ ತುರುಕಿ ಬಂದಳು.

ಮರುದಿನ ಸುಮಿತ್ರಳಿಗೆ ಕೆಲಸ ಬೇಗ ಮುಗಿಯಿತು. ನೆರಿಗೆ ದಾಟಿ ಬಾಲ್ಕನಿಗೆ ಬಂದಾಗ ಅವಳೆದುರು ಒದ್ದೆ ಹೊದಿಕೆಯೊಂದು ಜೋತುಬಿದ್ದಿತ್ತು. ಅಂಚಿನಿಂದ ಇಣುಕಿದರೆ ಆಚೆಗೆ ಮಹತಿ. ಚಪ್ಪಲಿ ಗೂಡಿನಿಂದ ಕೊಡೆ ಮತ್ತೆ ಹೊರಗೆ ಬಂದಿತ್ತು. ಅದನ್ನು ಎಡಗಂಕುಳಲ್ಲಿ ಒತ್ತಿಕೊಂಡು, ಬಲಗೈಯಿಂದ ಹಗ್ಗದ ಮೇಲಿನ ಟವೆಲ್ಲಿನ ಅಂಚನ್ನು ನೆರಿಗೆ ಹಿಡಿಯುತ್ತಿದ್ದಳು. ಕಿರುಬೆರಳು ಮೇಲಕ್ಕೆದ್ದಿತ್ತು. ಮಣಿಕಟ್ಟು ಒಂದಿಷ್ಟು ಒಳಕ್ಕೆ ಬಾಗಿತ್ತು. ಹಾಗೆ ಹಿಡಿಯಬೇಕೆಂದು ಸುಮಿತ್ರ ಯಾರಿಗೂ ಹೇಳಿಕೊಟ್ಟಿರಲಿಲ್ಲ, ತಾನು ಹಾಗೆ ಹಿಡಿಯುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಪ್ರತಿ ಸಂಜೆ ಗಾಳಿಯಲ್ಲಿ ಮೊದಲು ಮೂಡುವುದು ತನ್ನ ಕೈ. ಮಗಳು ದಿನವೂ ಕಾದು ನಿಂತು ನೋಡಿದ್ದು ಆ ಕೈಯನ್ನೇ.

ಮಹತಿ ನೆರಿಗೆಗಳನ್ನು ಎಣಿಸುವ ಹಾಗೆ ಬೆರಳಾಡಿಸಿದಳು. ನಿಟ್ಟುಸಿರಿಟ್ಟು ಟವೆಲ್ಲನ್ನು ಮೊದಲಿನಂತೆ ಹರವಿದಳು. ಹೊದಿಕೆಯ ಈಚೆ ಸುಮಿತ್ರ ಬಳೆಗಳನ್ನು ಅದುಮಿ ಹಿಡಿದು, ಮಗಳು ಒಳಗೆ ಹೋಗುವವರೆಗೂ ಅಲುಗಾಡದೆ ನಿಂತಳು. ಆ ರಾತ್ರಿಯ ಊಟಕ್ಕೆ ಮುಂಚೆ ಹಾಸ್ಟೆಲ್ಲೊಂದಕ್ಕೆ ಫೋನ್ ಮಾಡಿ ಹಾಸಿಗೆ ಖಾಲಿ ಇದೆಯೇ ಎಂದು ಕೇಳಿದಳು.

ಭಾನುವಾರ ಹಜಾರದಲ್ಲಿ ಚಾಪೆ ಹಾಸಿದರು, ಟೀಚರೂ ಮೇಲೆ ಬಂದರು. ಮಹತಿ ಬಾಯಿ ಉಬ್ಬಿಸಿಕೊಂಡು ಕೂತಿದ್ದಳು. ಬೇಡವೆಂದು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ತಾಯಿ ಮಗಳು ಇಬ್ಬರೂ ಕೊಡೆಯ ಹಿಡಿಯನ್ನು ಹಿಡಿದರು. ಧಾರೆಯ ನೀರು ಬಿಡಬೇಕಾದವರು ಬರಿಗೈಯವರು, ಅದು ಕೋಲಿನವರಲ್ಲೂ ಕೊಡೆಯವರಲ್ಲೂ ಇರುವ ಪದ್ಧತಿ. ವಿದ್ಯೆಯಿರುವ ಕೈ ನೀರು ಬಿಟ್ಟರೆ ಎರಡು ವಿದ್ಯೆ ಕಲಸಿಹೋಗುತ್ತದೆ. ಜನಾರ್ದನ ಇಸ್ತ್ರಿ ಮಾಡಿದ ಪಂಚೆ ಉಟ್ಟು, ತಾಮ್ರದ ಚೊಂಬು ಹಿಡಿದು, ಪರೀಕ್ಷೆಗೆ ಕೂತವನಂತೆ ಬೆವರುತ್ತಿದ್ದ.

“ಅಮ್ಮಾ, ಹಾಲಿಂದು ಕೊಡು,” ಎಂದು ಮಹತಿ ಪಿಸುಗುಟ್ಟಿದಳು.

“ಸುಮ್ನೆ ಕೂತ್ಕೋ.”

“ಹಾಗಾದ್ರೆ ನೀನು ದಿನಾ ಹೇಗೆ ಬರ್ತೀಯಾ?”

“ಬರಲ್ಲ ಪುಟ್ಟಿ. ಶುಕ್ರವಾರ ರೈಲಲ್ಲಿ ಬರ್ತೀನಿ.” ಸುಮಿತ್ರ ಮಗಳ ಬೆರಳುಗಳ ಮೇಲೆ ತನ್ನ ಬೆರಳು ಬಿಗಿ ಮಾಡಿದಳು. “ನಾನು ನೋಡಿದೆ, ನೀನು ಟವೆಲ್ ಹಿಡಿಯೋದನ್ನ.”

ಮಹತಿಯ ಕಿವಿ ಕೆಂಪಗಾಯಿತು. ಜನಾರ್ದನ ನೀರು ಬಿಟ್ಟ. “ನೆರಿಗೆ ಕೊಟ್ಟೆ,” ಎಂದಳು ಸುಮಿತ್ರ. ಸೋಪು ಹಚ್ಚಿದ ಬೆರಳಿಂದ ಬಿಗಿಯಾದ ಉಂಗುರ ಜಾರಿದಂತೆ ಏನೋ ಒಂದು ಕೈಯಿಂದ ಕಳಚಿಕೊಂಡಿತು. ಮರುಕ್ಷಣ ಕೊಡೆ ಫಟ್ಟನೆ ತಾನೇ ಬಿಚ್ಚಿಕೊಂಡು ಜನಾರ್ದನನ ಕನ್ನಡಕವನ್ನು ಸೋಫಾದ ಆಚೆಗೆ ಹಾರಿಸಿತು.

“ಹತ್ತಿತು, ಮೋಳೇ!” ಎಂದು ಮಹತಿಯನ್ನು ಕರೆದು ಟೀಚರು ಚಪ್ಪಾಳೆ ತಟ್ಟಿದರು. ಮಹತಿ ಬಿಚ್ಚಿದ ಕೊಡೆಯ ಹಿಂದೆ ಮುಖ ಮರೆಸಿಕೊಂಡು ಅತ್ತಳು. ಜನಾರ್ದನ ನೆಲದ ಮೇಲೆ ಕನ್ನಡಕ ತಡಕುತ್ತಿದ್ದ, ಬೇಕಾದುದಕ್ಕಿಂತ ಹೆಚ್ಚು ಹೊತ್ತು.

ಸೋಮವಾರ ಸುಮಿತ್ರ ರೈಲು ಹತ್ತಿದಳು. ಹಾಸ್ಟೆಲ್ಲಿನ ಕೋಣೆಗೆ ಒಂದು ಕಿಟಕಿ, ಒಂದು ಮಂಚ. ಸಂಜೆ ಗೇಟು ದಾಟಿದ ಕೂಡಲೇ ಕಾಲುಗಳು ಗೇರುಮರದತ್ತ ತಿರುಗುತ್ತಿದ್ದವು, ಅವಳು ಅವನ್ನು ಬಸ್ ಸ್ಟಾಪಿನ ಕಡೆಗೆ ತಿರುಗಿಸುತ್ತಿದ್ದಳು. ಕಳಮಶ್ಶೇರಿಯಲ್ಲಿ ಟೀಚರು ಮಹತಿಗೆ ಪಾಠ ಶುರು ಮಾಡಿದ್ದರು: ಗೇಟಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಟೆರೇಸಿಗೆ. ಕಾಂಪೌಂಡು ದಾಟುವ ಮಾತು ಮುಂದಿನ ವರ್ಷಕ್ಕೆ. ಫೋನಿನಲ್ಲಿ ಮಗಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ಇನ್ನೂ ಒಂದು ತಿಂಗಳಾಗಿರಲಿಲ್ಲ. ಒಂದು ಸಂಜೆ ಸುಮಿತ್ರ ಹಾಸ್ಟೆಲ್ಲಿನ ಜಗಲಿಯಲ್ಲಿ ಚಹಾ ಹಿಡಿದು ಕೂತಿದ್ದಾಗ, ಎದುರಿನ ಗಾಳಿಯಿಂದ ಹಳದಿ ಕೊಡೆಯ ತುದಿ ಚಾಚಿಕೊಂಡಿತು. ಅದರ ಹಿಂದೆಯೇ ಮಹತಿ ಮುಗ್ಗರಿಸಿ ಬಂದು ಬಿದ್ದಳು. ಶಾಲೆಯ ಯೂನಿಫಾರ್ಮು, ಒಂದೇ ಕಾಲಿಗೆ ಚಪ್ಪಲಿ, ತಲೆತುಂಬ ಮರಳು.

“ಮೊದ್ಲು ಆಲಪ್ಪುಳ ಬೀಚಿಗೆ ಹೋಗ್ಬಿಟ್ಟೆ,” ಎಂದಳು ಏದುಸಿರು ಬಿಡುತ್ತ.

ಸುಮಿತ್ರಳಿಗೆ ಕೋಪ ಬಂತೋ ಅಳು ಬಂತೋ. “ಹೇಳ್ದೆ ಕೇಳ್ದೆ ಬರೋದಾ? ಸಮುದ್ರದೊಳಗೆ ಇಳಿದಿದ್ರೆ? ಟೀಚರ್ ಏನು ಹೇಳಿದ್ರು ನಿಂಗೆ?” ಎಂದು ಗದರುತ್ತಲೇ ಎಳೆದು ಅಪ್ಪಿಕೊಂಡು, ಕೂದಲಿನ ಮರಳು ಕೊಡವಿದಳು. ಫೋನ್ ಅಷ್ಟರಲ್ಲೇ ಹೊಡೆದುಕೊಳ್ಳುತ್ತಿತ್ತು. ಜನಾರ್ದನ ಪಾರ್ಕಿಂಗಿನಲ್ಲಿ ಒಂದೊಂದು ಕಾರಿನ ಕೆಳಗೂ ಬಗ್ಗಿ ನೋಡುತ್ತಿದ್ದನಂತೆ.

“ಅಪ್ಪ ಪಾವಂ,” ಎಂದಳು ಮಹತಿ, ಪಾಪ ಎಂಬಂತೆ ಮುಖ ಮಾಡಿ. ಆಮೇಲೆ ಕೊಡೆ ಎತ್ತಿದಳು. “ಬಾ ಅಮ್ಮಾ, ಕರ್ಕೊಂಡು ಹೋಗ್ತೀನಿ. ಬೆಳಗ್ಗೆ ವಾಪಸ್ ಬಿಡ್ತೀನಿ. ಕೈ ಹಿಡ್ಕೋ.”

ಬೇಡವೆನ್ನಲು ಬಾಯಿ ತೆರೆದ ಸುಮಿತ್ರ, ಚಾಚಿದ ಆ ಪುಟ್ಟ ಕೈಯನ್ನು ನೋಡಿದಳು. ಚಹಾದ ಲೋಟವನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಹಿಡಿದುಕೊಂಡಳು. ಸೊಟ್ಟಸೊಟ್ಟಗಿನ ನೆರಿಗೆಗಳು ಮೈಗೆಲ್ಲ ತಾಗಿದವು, ಕಾಲಿಗೆ ಏನೋ ತೊಡರಿತು, ಕಣ್ಣು ತೆರೆದರೆ ಕೊಲ್ಲಂ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ. ಕೊಡೆ ಹಿಡಿದ ತಾಯಿ ಮಗಳನ್ನು ಯಾರೂ ತಿರುಗಿ ನೋಡಲಿಲ್ಲ. ಮಹತಿ ಸುತ್ತ ನೋಡಿ ಕೊಡೆಯನ್ನು ಕೆಳಗಿಳಿಸಿದಳು.

“ಜಾರಿಹೋಯ್ತು,” ಎಂದಳು.

ಸುಮಿತ್ರ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಸ್ಟಾಲಿನಿಂದ ಬಿಸಿಬಿಸಿ ಪಳಂಪೊರಿ ತಂದು, ಬಾಳೆಹಣ್ಣಿನ ಒಳಗಿನ ಆವಿ ಹೋಗಲೆಂದು ಮುರಿದು ಊದಿ ಕೊಟ್ಟಳು. ಜನಾರ್ದನನಿಗೆ ಫೋನ್ ಮಾಡಿ, “ಕೊಲ್ಲಂವರೆಗೆ ಬಂದಿದೀವಿ ಕಣ್ರೀ, ಅನ್ನಕ್ಕಿಡಿ,” ಎಂದಳು. ಎರ್ನಾಕುಳಂ ರೈಲು ಬರುತ್ತಿದೆಯೆಂದು ಧ್ವನಿವರ್ಧಕ ಕೂಗಿತು. ಮಹತಿ ಎಣ್ಣೆ ಬೆರಳು ನೆಕ್ಕುತ್ತ ಅಮ್ಮನ ಮುಖ ನೋಡಿದಳು.

“ಟ್ರೇನಲ್ಲಿ ಹೋಗ್ಬೇಕಾ?”

“ನಿಂಗೆ ಸುಸ್ತಾಗಿದ್ರೆ ಹೋಗೋಣ.”

“ಇಲ್ಲ. ಸುಸ್ತಿಲ್ಲ.”

“ಹಾಗಾದ್ರೆ ಕೈ ಒರೆಸ್ಕೋ. ಮಧ್ಯದಿಂದ ಹಿಡೀತಿದೀಯ ನೀನು, ಅದಕ್ಕೇ ಜಾರೋದು. ಅಂಚು ಸಿಗೋವರೆಗೂ ಹುಡುಕು.”

ರೈಲು ಬಂದು, ನಿಂತು, ಹೊರಟಿತು. ಮಹತಿ ನಾಲಿಗೆಯನ್ನು ತುಟಿಯ ಸಂದಿಗೆ ಸಿಕ್ಕಿಸಿಕೊಂಡು ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಸಿಕ್ಕಿತು, ಜಾರಿತು. ಮತ್ತೆ ಸಿಕ್ಕಿತು. ಸುಮಿತ್ರ ಚಪ್ಪಲಿ ಬಿಚ್ಚಿ ಕಾಲು ಮಡಚಿ, ಬೆಂಚಿಗೆ ಒರಗಿ ಕೂತಳು.

“ನಿಧಾನಕ್ಕೆ ಹಿಡಿ ಪುಟ್ಟಿ,” ಎಂದಳು. “ನಂಗೇನೂ ಅವಸರ ಇಲ್ಲ.”