ದಾಸಮ್ಮ ಆರಿಸಿಕೊಟ್ಟ ಮಚ್ಚು

ರಾಮನಗರದ ನಿಖಾತ್ ಕಾಡಿನ ಗಿಡಮರಗಳ ಸಮೀಕ್ಷೆ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಕನಕಪುರದಾಚೆಯ ಕಾಡಿನಲ್ಲಿ ಮೂರು ದಿನ ಓಡಾಡಬೇಕಿತ್ತು. ಹೊರಡುವ ಹಿಂದಿನ ದಿನ ಕನಕಪುರದಲ್ಲಿ ಬಸ್ಸಿಳಿದವಳು, ಒಂದು ಮಚ್ಚು ಜೊತೆಗಿರಲಿ ಅಂತ ಕುಲುಮೆಯೊಂದರ ಮುಂದೆ ನಿಂತಳು.

ಅಲ್ಲಿ ಸುತ್ತಿಗೆ ಹಿಡಿದಿದ್ದವಳು ದಾಸಮ್ಮ. ಗಂಡ ತೀರಿಕೊಂಡ ಮೇಲೂ ಕುಲುಮೆ ಮುಚ್ಚದೆ ನಡೆಸಿಕೊಂಡು ಬಂದ ಹೆಂಗಸು. ನಿಖಾತ್ ಎಲ್ಲಕ್ಕಿಂತ ಉದ್ದನೆಯ, ಥಳಥಳ ಹೊಳೆಯುವ ಮಚ್ಚನ್ನೇ ಎತ್ತಿಕೊಂಡಳು.

"ಏನ್ ಕೆಲ್ಸಕ್ಕವ್ವಾ ಅದು?"

"ಕಾಡಿಗೆ ಹೋಗ್ತಿದೀನಮ್ಮ. ಆಪತ್ತಿಗೆ ಇರಲಿ ಅಂತ."

"ಹಂಗಾದ್ರೆ ಅದು ಬ್ಯಾಡ ಬುಡು. ಎಳನೀರು ಮಾರೋರ್ಗೆ ಮಾಡಿದ್ದು, ನಿನ್ ಕೈ ಸೋತೋಯ್ತದೆ." ದಾಸಮ್ಮ ಮೂಲೆಯಿಂದ ಮೊಳಕ್ಕಿಂತ ಚಿಕ್ಕದಾದ ಕಪ್ಪು ಮಚ್ಚೊಂದನ್ನು ತೆಗೆದಳು. "ಲಾರಿ ಸ್ಪ್ರಿಂಗ್ ಪಟ್ಟಾದಲ್ಲಿ ಮಾಡಿದ್ದು. ನೋಡು, ಕಬ್ಬಿಣ ಹಿಡಿ ಒಳಗೆ ಕೊನೇವರ್ಗೂ ಐತೆ. ಹಿಡಿ ಒಡೆದ್ರೂ ಬಟ್ಟೆ ಸುತ್ಕೊಂಡು ಕಡೀಬೋದು. ಬೆನ್ನು ದಪ್ಪ, ಕಲ್ಲಲ್ಲಿ ಹೊಡುದ್ರೂ ತಡೀತದೆ. ಹೊಳಪು ನೋಡಿ ಮಚ್ಚು ತಕಬಾರ್ದು ಕಣವ್ವ."

ಒಂದು ಜಾಲಿ ಕೊಂಬೆ ಕೊಟ್ಟು ಕಡಿಸಿ ನೋಡಿದಳು. ಮೂರನೇ ಏಟಿಗೆ ತುಂಡಾಯಿತು. ಬರಿ ಮಚ್ಚು ಕಳಿಸಲು ಮನಸ್ಸಾಗದೆ, ಹಳೇ ಟೈರಿನ ತುಂಡಲ್ಲಿ ಒರೆಯನ್ನೂ ಹೊಲಿದುಕೊಟ್ಟಳು.

ಕಾಡಿನಲ್ಲಿ ಎರಡನೇ ದಿನ ಬೆಳಿಗ್ಗೆ, ದಾರಿ ತೋರಿಸಲು ಜೊತೆಗೆ ಬಂದಿದ್ದ ಕೂಟಗಲ್‌ನ ಶಿವರಾಜು ಹಳ್ಳದ ಬಂಡೆಯ ಮೇಲೆ ಜಾರಿ ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಜೀಪಿನ ದಾರಿ ಒಂದು ಕಿಲೋಮೀಟರ್ ದೂರ. ನಡುವೆ ಬರೀ ಲಂಟಾನ ಪೊದೆ.

"ನನ್ನ ಇಲ್ಲೇ ಬುಟ್ಟು ಹೋಗಿ ಮೇಡಂ, ಯಾರ್ನಾದ್ರೂ ಕರ್ಕಂಡ್ ಬನ್ನಿ."

"ಆನೆ ಲದ್ದಿ ಇನ್ನೂ ಬಿಸಿ ಇದೆ ಶಿವರಾಜು. ಒಬ್ಬರನ್ನೇ ಬಿಟ್ಟು ನಾನು ಹೋಗಲ್ಲ."

ನಿಖಾತ್ ಬಿದಿರು ಕಡಿದಳು. ಅದರ ತುದಿಗೆ ಮಚ್ಚಿಟ್ಟು, ಬೆನ್ನ ಮೇಲೆ ಕಲ್ಲಿನಿಂದ ಬಡಿದು ಸೀಳಿದಳು. ಕಾಲಿನ ಎರಡೂ ಕಡೆ ದಬ್ಬೆ ಇಟ್ಟು ದುಪಟ್ಟಾ ಹರಿದು ಬಿಗಿದಳು. ಕವಲಿದ್ದ ಕೊಂಬೆಯೊಂದು ಅವನಿಗೆ ಊರುಗೋಲಾಯಿತು. ಆಮೇಲೆ ಪೊದೆ ಕಡಿಯುವುದು, ಹಿಂದಕ್ಕೆ ಬಂದು ಅವನಿಗೆ ಹೆಗಲು ಕೊಡುವುದು, ಮತ್ತೆ ಕಡಿಯುವುದು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಮಚ್ಚಿನ ಹಿಡಿ ಮಾತ್ರ ಅಲುಗಲಿಲ್ಲ. ಜೀಪಿನ ದಾರಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಗಸ್ತು ತಿರುಗುತ್ತಿದ್ದ ಅರಣ್ಯ ಇಲಾಖೆಯ ಜೀಪು ಬಂದಾಗ ಶಿವರಾಜು ಅತ್ತೇಬಿಟ್ಟ.

"ಕಾಲು ಅಲ್ಲಾಡದ ಹಾಗೆ ಕಟ್ಟಿದ್ದು ಒಳ್ಳೇದಾಯ್ತು," ಎಂದರು ಆಸ್ಪತ್ರೆಯ ಡಾಕ್ಟರು.

ಕಾಲಿನ ಪ್ಲಾಸ್ಟರ್ ಬಿಚ್ಚಿದ ವಾರಕ್ಕೇ ಶಿವರಾಜು ನಿಖಾತ್‌ಳ ಜೊತೆ ಕುಲುಮೆಗೆ ಬಂದ. ನಡೆದದ್ದನ್ನೆಲ್ಲ ಕೇಳಿದ ದಾಸಮ್ಮ ಸುತ್ತಿಗೆ ಕೆಳಗಿಟ್ಟಳು. ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕರಿಸಲು ಶಿವರಾಜುವಿಗೆ ಇನ್ನೂ ಆಗುತ್ತಿರಲಿಲ್ಲ. ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ಅಯ್ಯೋ, ಬುಡಪ್ಪಾ! ಕೈಯೆಲ್ಲ ಮಸಿ," ಎಂದು ದಾಸಮ್ಮ ಕೈ ಎಳೆದುಕೊಂಡಳು. ಅಷ್ಟರಲ್ಲೇ ಅವನ ರೆಪ್ಪೆಗೆ ಮಸಿ ಮೆತ್ತಿಕೊಂಡಿತ್ತು. ಒರೆಸಲು ಸೆರಗು ಎತ್ತಿದವಳು ಮೊದಲು ತನ್ನ ಕಣ್ಣನ್ನೇ ಒರೆಸಿಕೊಂಡಳು.