ಬಾಗಿಲಿಗೆ ತೂಗುವ ಹಲಗೆ

ಇದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆಯೇ ಹೊರತು ಯಾರಿಗೂ ಹೇಳಿಲ್ಲ: ಪಕ್ಕದ ಮನೆಯ ಕರೆಗಂಟೆ ಒತ್ತಲು ನನಗೆ ಭಯ.

ವಾರಕ್ಕೊಮ್ಮೆ ನಮ್ಮ ಕೇರಿಯ ಸುತ್ತೋಲೆ ಸಿಕ್ಕಿಸಿದ, ದಾರ ಕಟ್ಟಿದ ಪುಟ್ಟ ಹಲಗೆ ಬರುತ್ತದೆ. ಒಡೆದ ಗಾಜು ಹಾಕುವ ದಿನ, ಚರಂಡಿ ತೊಳೆಯುವ ಸರದಿ, ಇಂಥವನ್ನು ಓದಿ ನಮ್ಮ ಹೆಸರಿನ ಮೊಹರು ಒತ್ತಿ ಮುಂದಿನ ಮನೆಯವರ ಕೈಗೆ ಕೊಡಬೇಕು. ನನ್ನ ಮನೆ ೨೦೨. ಮುಂದಿನದಕ್ಕೆ ನಾಲ್ಕು ತಿಂಗಳ ಹಿಂದೆ ಯಾರೋ ಹೊಸಬರು ಬಂದರು. ಬಂದ ದಿನ ನನ್ನ ಗಂಟೆ ಒತ್ತಿದರು. ನಾನು ಉಸಿರು ಬಿಗಿಹಿಡಿದು, ಮನೆಯಲ್ಲಿ ಇಲ್ಲದವಳಂತೆ ಕುಳಿತೆ. ಅಂದಿನಿಂದ ಕೆಲಸಕ್ಕೆ ಹೊರಡುವಾಗ ಹಲಗೆಯನ್ನು ಅವರ ಬಾಗಿಲ ಹಿಡಿಗೆ ತಗಲಿಸಿ ಮೆಟ್ಟಿಲಿಳಿದು ಓಡಿಬಿಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಸಮಾಜಶಾಸ್ತ್ರ ಓದಿದವಳು ನಾನು.

ನನ್ನ ಕೆಲಸ ಪುರಸಭೆಯ ಮಾಸಪತ್ರಿಕೆಯಲ್ಲಿ. ಅದರ ಕೊನೆಯ ಪುಟದಲ್ಲಿ ‘ಹೊಸ ಕಣ್ಣಿಗೆ ನಮ್ಮೂರು’ ಎಂಬ ಅಂಕಣ. ಹೊರದೇಶದಿಂದ ಬಂದವರನ್ನು ಕೂರಿಸಿ, ಅವರಿಂದ ಹೊಗಳಿಸಿಕೊಂಡು, ಆ ಹೊಗಳಿಕೆಯನ್ನು ನಾವೇ ಅಚ್ಚು ಹಾಕಿ ನಾವೇ ಓದಿ ಹಿಗ್ಗುತ್ತೇವೆ. ರೈಲು ಸಮಯಕ್ಕೆ ಸರಿಯಾಗಿ ಬರುತ್ತದೆ, ಬೀದಿಯಲ್ಲಿ ಒಂದು ಕಡ್ಡಿ ಕಸವಿಲ್ಲ, ಜನ ವಿನಯವಂತರು. ಬೇರೆ ಏನಾದರೂ ಹೇಳಿದವರ ಹೆಸರಿನಲ್ಲೂ ನಮ್ಮ ವಿಭಾಗದ ಮುಖ್ಯಸ್ಥ ಕುಸಾಕಾಬೆ ಇದನ್ನೇ ಬರೆಸಿದ್ದಾರೆ. ಬರೆದ ಕೈ ನನ್ನದು.

ಈ ತಿಂಗಳ ಹೊಸ ಕಣ್ಣು ವಿಯೆಟ್ನಾಮಿನ ದಿಯೆಪ್. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಸ್ನಾನ ಮಾಡಿಸುವ ಕೆಲಸ. ಅವರು ತುಂಬಿಕೊಟ್ಟ ಚೀಟಿಯಲ್ಲಿದ್ದ ವಿಳಾಸವನ್ನು ಎರಡು ಸಲ ಓದಿದೆ. ನಮ್ಮದೇ ಕಟ್ಟಡ, ೨೦೩.

ಸಭೆಯ ಕೋಣೆಯಲ್ಲಿ ಡಬ್ಬಿ ಊಟ. ಕುಸಾಕಾಬೆ ದಿಯೆಪ್ ಅವರ ಬೆರಳುಗಳನ್ನೇ ನೋಡುತ್ತಿದ್ದರು.

“ಊಟದ ಕಡ್ಡಿ ಎಷ್ಟು ಚೆನ್ನಾಗಿ ಹಿಡೀತೀರಮ್ಮ. ಎಲ್ಲಿ ಕಲಿತ್ರಿ?”

“ಅಮ್ಮ ಕಲಿಸಿದ್ರು ಸಾರ್, ಎರಡು ವರ್ಷದವಳಿದ್ದಾಗ. ನಮ್ಮಲ್ಲೂ ಎಲ್ರೂ ಇದರಲ್ಲೇ ತಿನ್ನೋದು.”

“ಓಹೋ. ಆದ್ರೂ ಚೆನ್ನಾಗಿ ಹಿಡೀತೀರಿ.”

ಹಿರಿಯ ಗುಮಾಸ್ತೆ ಮುರೋಯಿ ತಾನೇಕೆ ಹಿಂದೆ ಬೀಳಬೇಕೆಂದು ಬಾಯಿ ಹಾಕಿದರು. “ನಮ್ಮಲ್ಲಿ ನಾಲ್ಕು ಋತು ಇದೆ ನೋಡಿ. ನಿಮಗೆ ಆಶ್ಚರ್ಯ ಆಗಿರಬೇಕು.” ನಾಲ್ಕನ್ನೂ ತಾವೇ ಮನೆಯಲ್ಲಿ ಉಪ್ಪು ಹಾಕಿ ಜಾಡಿಯಲ್ಲಿ ಇಟ್ಟಿದ್ದಾರೆ ಎಂಬಂಥ ಧ್ವನಿ.

“ಹನೋಯ್‌ನಲ್ಲೂ ನಾಲ್ಕೇ ಅಕ್ಕ,” ಎಂದರು ದಿಯೆಪ್.

ಮುರೋಯಿ ಮೂಲಂಗಿಯ ತುಂಡೊಂದನ್ನು ಬಹಳ ಹೊತ್ತು ಅಗಿದರು.

“ಅದಿರಲಿ,” ಎಂದರು ಕುಸಾಕಾಬೆ. “ಇಲ್ಲಿಗೆ ಬಂದಾಗ ಮೊದಲು ನಿಮಗೆ ಏನನ್ನಿಸ್ತು? ಮುಚ್ಚುಮರೆ ಇಲ್ಲದೆ ಹೇಳಿ.”

ಮುಚ್ಚುಮರೆ ಇಲ್ಲದೆ ಎಂಬುದು ಇಲ್ಲಿ ಬಾಯುಪಚಾರ. ಪಾಪ, ದಿಯೆಪ್ ನಂಬಿಬಿಟ್ಟರು. ಕಡ್ಡಿ ಕೆಳಗಿಟ್ಟರು.

“ಒಂದು ಹಲಗೆ ಬರತ್ತಲ್ಲ ಸಾರ್, ವಾರವಾರ. ಕೊಡೋಕೆ ಬಂದವರು ಒಳಗೆ ಬರ್ತಾರೇನೋ ಅಂತ ಮೊದಮೊದಲು ಟೀ ಕಾಸಿಟ್ಕೊಂಡು ಕಾಯ್ತಿದ್ದೆ. ಹೆಜ್ಜೆ ಸದ್ದು ಕೇಳತ್ತೆ. ಬಾಗಿಲು ತೆಗೆಯೋ ಹೊತ್ತಿಗೆ ಹಲಗೆ ಒಂದೇ ತೂಗಾಡ್ತಿರತ್ತೆ. ಕೆಲಸ ಬಿಟ್ರೆ ಬೇರೆಲ್ಲೂ ಯಾರೂ ನನ್ನ ಹೆಸರು ಹಿಡಿದು ಕರೆದಿಲ್ಲ. ನನ್ನ ಅಡುಗೆ ವಾಸನೆಗೆ ಹೇಸ್ಕೋತಾರೇನೋ ಅಂತ ಮೀನಿನ ಸಾಸ್ ಹಾಕೋದೂ ಬಿಟ್ಟೆ. ಆದ್ರೂ ಓಡ್ತಾರೆ. ಮುಂದಿನ ತಿಂಗಳು ಬೇರೆ ಊರಿಗೆ ಹೋಗಿಬಿಡೋಣ ಅಂತಿದೀನಿ.”

ಕುಸಾಕಾಬೆ ನಕ್ಕರು. ಮುರೋಯಿಯೂ ನಕ್ಕರು, ಅರ್ಧ ಕ್ಷಣ ತಡವಾಗಿ, ಎಂದಿನಂತೆ.

“ತಪ್ಪು ತಿಳ್ಕೊಂಡಿದೀರಮ್ಮ. ಅದು ತೊಂದರೆ ಕೊಡಬಾರದು ಅನ್ನೋ ಸೂಕ್ಷ್ಮ. ನಮ್ಮ ಜನ ಹಾಗೆ.” ನನ್ನತ್ತ ತಿರುಗಿದರು. “ಸೆಗಾವಾ, ಬರ್ಕೋ: ‘ನೆರೆಯವರು ನಗುಮೊಗದಿಂದ ಬಾಗಿಲಿಗೇ ಬಂದು ಸುತ್ತೋಲೆ ಕೊಡುವ ಆತ್ಮೀಯತೆ ನನ್ನ ಮನಸ್ಸನ್ನು ತಟ್ಟಿತು.’ ಸರಿ ತಾನೆ?”

ಸೂಕ್ಷ್ಮವಂತೆ. ಹೇಡಿತನಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡಿಸುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಇವರಿಬ್ಬರ ಬಗ್ಗೆ ನಾನು ದಿನಚರಿಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ, ಒಂದಕ್ಕಿಂತ ಒಂದು ಚೂಪಾದ ಮಾತು. ಅದನ್ನೆಲ್ಲ ಬರೆದವಳು ಈಗ ಅವರು ಹೇಳಿದ್ದನ್ನು ಚಕಾರವೆತ್ತದೆ, ದುಂಡಾದ ಅಕ್ಷರದಲ್ಲಿ ಬರೆದುಕೊಂಡಳು.

“ನೀವು ಹೇಳಿದಂಗೇ ಆಗ್ಲಿ ಸಾರ್,” ಎಂದು ದಿಯೆಪ್ ಬಾಗಿದರು. ಬೆನ್ನು ನೇರ, ಕೈ ತೊಡೆಯ ಮೇಲೆ. ನಾಲ್ಕು ತಿಂಗಳಲ್ಲಿ ನಾವು ಅವರಿಗೆ ಕಲಿಸಿದ್ದು ಇದೊಂದನ್ನೇ ಇರಬೇಕು. ತಲೆ ಎತ್ತುವಾಗ, ಯಾರಿಗೂ ಕಾಣಲಿಲ್ಲವೆಂದುಕೊಂಡು, ತಮ್ಮ ತೋಳಿನ ಬಟ್ಟೆಯನ್ನು ಮೂಗಿನ ಬಳಿ ತಂದು ಒಮ್ಮೆ ಮೂಸಿಕೊಂಡರು.

“ಎದ್ದು ಓದಮ್ಮ ಒಂದ್ಸಲ, ಅವರೂ ಕೇಳಲಿ,” ಎಂದರು ಕುಸಾಕಾಬೆ.

ಎದ್ದು ನಿಂತೆ. ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

“ನೆರೆಯವರು ನಗುಮೊಗದಿಂದ...”

“ಇವಳ ದನಿ ಕೇಳೋಕೆ ಕಿವಿಗೆ ಯಂತ್ರ ಬೇಕು,” ಎಂದರು ಮುರೋಯಿ. “ಸ್ವಲ್ಪ ಜೋರಾಗಿ ಹೇಳೇ.”

ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟೆ. ಅಷ್ಟು ಹೊತ್ತೂ ನೇರವಾಗಿ ನೋಡದಿದ್ದ ದಿಯೆಪ್ ಅವರ ಮುಖವನ್ನು ನೋಡಿದೆ.

“ಹಲಗೆ ತಗಲಿಸಿ ಓಡೋಳು ನಾನು, ದಿಯೆಪ್ ಅವರೇ. ನಿಮ್ಮ ಮನೆಯಿಂದ ಯಾವ ವಾಸನೆನೂ ಬರಲ್ಲ.”