ಅಬ್ಯಾಂಡನ್ ಪಾಠಕ್ಕೆ ಇನ್‌ಸ್ಪೆಕ್ಟರ್ ಬಂದರು

ಚೀನಾದ ಒಳನಾಡು ಗಾನ್ಸುವಿನ ಆ ಪೇಟೆಯಲ್ಲಿ ಷಾವ್ ಟೀಚರ್ ಹಾಗೆ ಇಂಗ್ಲಿಷ್ ಕಲಿಸುವವರು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಅವರು ಬಾಯಿ ತೆರೆದರೆ ಕಿಟಕಿಯಾಚೆಯ ಮರಳುಗಾಳಿ ಕೂಡ ನಿಂತು ಕೇಳಿಸಿಕೊಳ್ಳುತ್ತಿತ್ತು. ಆದರೂ ಅವರಿಗೆ ಹಿರಿಯ ಶಿಕ್ಷಕಿಯ ದರ್ಜೆ ಸಿಕ್ಕಿರಲಿಲ್ಲ. ಈ ವರ್ಷ ಇನ್‌ಸ್ಪೆಕ್ಟರ್ ಎದುರು ಒಂದು ಮಾದರಿ ಪಾಠ ಮಾಡಿ ಗೆದ್ದರೆ ಸಿಗುತ್ತದೆ. ಸೋತರೆ ನಿವೃತ್ತಿಯವರೆಗೂ ಇದ್ದಲ್ಲೇ.

ಪಾಠಕ್ಕೆ ಆರಿಸಿಕೊಂಡದ್ದು 'ಅಬ್ಯಾಂಡನ್' ಎಂಬ ಕ್ರಿಯಾಪದ. ಪದಪುಸ್ತಕದ ಮೊದಲ ಪುಟದ ಮೊದಲ ಪದ. ಇಡೀ ಚೀನಾಕ್ಕೆ ಅದು ಬಾಯಿಪಾಠ. ಎರಡನೇ ಪದ ಯಾವುದೆಂದು ನೋಡಿದವರು ಇನ್ನೂ ಸಿಕ್ಕಿಲ್ಲ. ಮಕ್ಕಳು ಅದನ್ನು ಧಾರಾಳವಾಗಿ ಬಳಸುತ್ತಿದ್ದರು: ಗಂಜಿಯನ್ನು ಅಬ್ಯಾಂಡನ್ ಮಾಡಿದೆ, ಕಲ್ಲಂಗಡಿ ಬೀಜದ ಸಿಪ್ಪೆಯನ್ನು ಅಬ್ಯಾಂಡನ್ ಮಾಡಿದೆ.

ತಿಂಗಳುಗಟ್ಟಲೆ ತಾಲೀಮು ನಡೆಯಿತು. ಶಾಲೆಯ ಅಡುಗೆಮನೆ ಬೆಕ್ಕಿಗೂ ಉತ್ತರ ಗೊತ್ತಾಯಿತು. ಕೊನೆಗೆ ಷಾವ್ ಟೀಚರ್ ಹೇಳಿದರು: "ಎಲ್ರೂ ಕೈ ಎತ್ಬೇಕು. ಉತ್ತರ ಬರೋರು ಬಲಗೈ, ಬರ್ದೇ ಇರೋರು ಎಡಗೈ. ನಾನು ಬಲಗೈನೇ ಕರೀತೀನಿ, ಹೆದರ್ಬೇಡಿ."

ಇನ್‌ಸ್ಪೆಕ್ಟರ್ ಟೆಂಗ್ ಮೇಡಂ ಬಂದು, ಬಿಸಿನೀರಿನ ಫ್ಲಾಸ್ಕ್ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತರು. ಮೊದಲ ಪ್ರಶ್ನೆಗೇ ಕೈಗಳು ಕಾಡಿನ ಹಾಗೆ ಎದ್ದವು.

"ನಾನು ಆರಿಸ್ಲಾ?" ಎಂದರು ಟೆಂಗ್ ಮೇಡಂ. "ಆ ಎಡಗೈ ಹುಡುಗಿ."

ಎದ್ದವಳು ಲು ಜಿಂಗ್. ಷಾವ್ ಟೀಚರ್‌ಗೆ ಕೈಯ ಸೀಮೆಸುಣ್ಣ ಕಬ್ಬಿಣದಷ್ಟು ಭಾರವಾಯಿತು.

"ಏನನ್ನ ಅಬ್ಯಾಂಡನ್ ಮಾಡ್ತಾರಮ್ಮ?" ಎಂದು ಕೇಳಿದರು ಷಾವ್ ಟೀಚರ್.

"ಕಸಾನಾ, ಟೀಚರ್?"

"ಬಲಗೈಗಳನ್ನ ಇಳ್ಸಕ್ಕೆ ಹೇಳಿ, ಷಾವ್," ಎಂದರು ಟೆಂಗ್ ಮೇಡಂ. "ನಾನೂ ಒಂದು ಕಾಲದಲ್ಲಿ ಇದೇ ಆಟ ಆಡಿದೋಳು."

ತಾಲೀಮಿನಲ್ಲಿ ಇದು ಇರಲಿಲ್ಲ. ಷಾವ್ ಟೀಚರ್ ನಿಜವಾಗಿಯೂ ಪಾಠ ಮಾಡಬೇಕಾಯಿತು.

"ಕಸ ಎಸೀತಾರೆ, ಅಷ್ಟೇ. ಗಂಜಿ ಬೇಡ ಅಂದ್ರೆ ಉಳಿಸ್ತಾರೆ. ನೋಡ್ಕೋತೀನಿ ಅಂತ ಕೈಗೆತ್ಕೊಂಡಿದ್ದನ್ನ ನಡುವೇನೇ ಬಿಟ್ಟು, ತಿರುಗೀ ನೋಡ್ದೆ ಹೋದ್ರೆ ಅದು ಅಬ್ಯಾಂಡನ್. ಅಂಥದ್ದೇನಾದ್ರೂ ನೋಡಿದೀಯಾ?"

ಲು ಜಿಂಗ್ ಮುಖ ಅರಳಿತು. "ನಮ್ಮ ಹೊಸ ಸ್ಕೂಲ್ ಕಟ್ಟಡ! ಕಿಟಕೀನೇ ಇಟ್ಟಿಲ್ಲ ಟೀಚರ್, ಒಳಗೆ ಕುರಿ ಮಲಗ್ತವೆ!"

ಆ ಕಟ್ಟಡದ ಶಂಕುಸ್ಥಾಪನೆಯ ಕಲ್ಲಿನ ಮೇಲಿದ್ದದ್ದು ಟೆಂಗ್ ಮೇಡಂ ಅವರ ಇಲಾಖೆಯ ಹೆಸರು. ಫ್ಲಾಸ್ಕಿನೊಳಗೆ ನೀರು ಆರುವ ಸದ್ದು ಇಡೀ ತರಗತಿಗೆ ಕೇಳಿಸಿತು.

"ಅರ್ಥ ಸರಿ, ಬಳಕೆ ಸರಿ," ಎಂದರು ಟೆಂಗ್ ಮೇಡಂ. "ದರ್ಜೆ ನಿಮ್ದೇ. ನೀವು ಬರಿಯೋ ಪಾಠದ ವರದೀಲಿ ಉದಾಹರಣೆ ಮಾತ್ರ ಬದಲಾಯ್ಸಿ. ಕಟ್ಟಡದ ಬದ್ಲು ಹಡಗು ಅಂತ ಬರೀರಿ."

"ಮೇಡಂ, ಇಲ್ಲಿ ಸಮುದ್ರಾನೇ ಇಲ್ವಲ್ಲ..."

"ಅದಕ್ಕೇ ಹೇಳಿದ್ದು. ಯಾರೂ ಹೋಗಿ ನೋಡಲ್ಲ."

ಷಾವ್ ಟೀಚರ್ ದುಂಡಗಿನ ಅಕ್ಷರದಲ್ಲಿ ಹಡಗು ಎಂದು ಬರೆದು, ಹಿರಿಯ ಶಿಕ್ಷಕಿ ಎಂದು ರುಜು ಹಾಕಿದರು.